ಅಂಗಾಲಿನ ಮದರಂಗಿ

ಮಗುವಿನ ಮೈ ಬಿಸಿಯಾಯಿತು ಅಂದರೆ ನಮ್ಮ ಬೆಟ್ಟದ ಕಡೆ ಯಾರೂ ಮೊದಲು ಡಾಕ್ಟರನ್ನು ಹುಡುಕುವುದಿಲ್ಲ. ಮದರಂಗಿ ಕಲಸುತ್ತಾರೆ. ಎರಡೂ ಅಂಗಾಲಿಗೆ ದಪ್ಪಗೆ ಮೆತ್ತಿ ಬಟ್ಟೆ ಕಟ್ಟಿದರೆ ಕಾವು ಕಾಲಿನಿಂದಲೇ ಇಳಿದು ಹೋಗುತ್ತದೆ ಎಂದು ನಂಬಿಕೆ. ನನ್ನಮ್ಮ ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದಳು. ಮದರಂಗಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೂ ಹದ್ದಾ ಮುದುಕಿಯ ಈ ಕಥೆ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನಾನು ಯಮ್ನಾ. ಮಿದೆಲ್ತ್ ಪಟ್ಟಣದ ಮೇಲಿನ ಬೆಟ್ಟದವಳು. ನನ್ನ ಮಗಳಿಗೆ ರಕ್ತದ ಕ್ಯಾನ್ಸರ್, ಅವಳ ಚಿಕಿತ್ಸೆಗಾಗಿ ಫೆಝ್ ನಗರದ ಆಸ್ಪತ್ರೆಗೆ ಓಡಾಡಿ ಚಪ್ಪಲಿ ಸವೆಸಿದವಳು. ಆಸ್ಪತ್ರೆಯ ಎದುರು, ರಸ್ತೆ ದಾಟಿದರೆ, ದೂರದ ಊರಿನ ತಾಯಂದಿರು ಮಕ್ಕಳೊಂದಿಗೆ ತಂಗುವ ಮನೆಯೊಂದಿದೆ. ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಅಂಗಳ. ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಕದೂರಿನ ತೂದಾ ಅಲ್ಲಿಗೆ ಬಂದಳು, ಎಂಟು ತಿಂಗಳ ಮಗಳು ಇಝ್ಝಾಳನ್ನು ಬೆನ್ನಿಗೆ ಕಟ್ಟಿಕೊಂಡು. ಕೂಸಿನ ಹೊಟ್ಟೆಯೊಳಗೆ ಗಂಟು. ಅದು ಕ್ಯಾನ್ಸರ್ ಗಂಟು ಎಂದು ಗೊತ್ತಾದ ದಿನದಿಂದ ತೂದಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಕೂಸಿಗೆ ಕ್ಯಾನ್ಸರ್ ಔಷಧಿಯ ಡ್ರಿಪ್ ಹಾಕುವಾಗ ವಾರ್ಡಿನಲ್ಲಿ ಓಡಾಡುತ್ತಿದ್ದಳು. ಡ್ರಿಪ್ ಮುಗಿಸಿ ತಂಗುವ ಮನೆಗೆ ಬಂದಾಗ ಅಂಗಳದಲ್ಲಿ ಓಡಾಡುತ್ತಿದ್ದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಮಲಗಿದ ಕೂಸಿನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಿ, ಕೂಸನ್ನು ಎಬ್ಬಿಸಿಬಿಟ್ಟು, ಆಮೇಲೆ ತಾನೇ ಅಳುತ್ತಿದ್ದಳು.

"ಕೂತ್ಕೊಳೇ ಮಾರಾಯ್ತಿ, ನೆಲ ಸವೆದುಹೋಗ್ತದೆ," ಎಂದು ನಾನು ಗೇಲಿ ಮಾಡಿದೆ.

"ಕೂತ್ರೆ ಭಯ ಬಂದು ಪಕ್ಕದಲ್ಲೇ ಕೂರ್ತದೆ ಅಕ್ಕಾ," ಅಂದಳು. ನಾನು ಮತ್ತೆ ಗೇಲಿ ಮಾಡಲಿಲ್ಲ.

ಎರಡನೇ ಸಲದ ಡ್ರಿಪ್ ಆದ ಮೇಲೆ ಅವಳ ಅತ್ತೆ ಹದ್ದಾ ಬೆಟ್ಟದಿಂದ ಇಳಿದು ಬಂದಳು. ಒಂಬತ್ತು ಮಕ್ಕಳನ್ನು ಹೆತ್ತು ಸಾಕಿದ ಗಟ್ಟಿಗಿತ್ತಿ, ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳಿಸುತ್ತಿತ್ತು. ಬಂದವಳೇ ಖರ್ಜೂರವೊಂದನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಮೊಮ್ಮಗಳ ಬಾಯಿಗಿಡಲು ಹೋದಳು. ನಾನು ಕೈ ಹಿಡಿದೆ.

"ಬಿಡೇ! ನನ್ನ ಒಂಬತ್ತು ಮಕ್ಳೂ ಇದನ್ನೇ ತಿಂದು ಬಂಡೆ ಹಂಗೆ ಬೆಳೆದವ್ರೆ."

"ಅವ್ರ ಮೈಯೊಳಗೆ ಕಾವಲಿತ್ತು ಅವ್ವಾ. ಈ ಕೂಸಿನ ಮೈಯಲ್ಲಿ ಈಗ ಕಾವಲಿಲ್ಲ."

"ಎಂಥದೇ ಕಾವಲು?"

"ಆ ಡ್ರಿಪ್ ಔಷಧಿ ಗಂಟನ್ನ ಕೊಲ್ತದೆ. ಅದರ ಜೊತೆಗೆ ರೋಗ ತಡೆಯೋ ರಕ್ತದ ಬಿಳಿ ಕಣಾನೂ ಕೊಲ್ತದೆ. ಅವು ಮತ್ತೆ ಹುಟ್ಟೋ ತನಕ ಮೈ ಅಂದ್ರೆ ಬಾಗಿಲಿಲ್ಲದ ಮನೆ. ನಿಮ್ಮ ಬಾಯಲ್ಲಿರೋ ಕ್ರಿಮಿ ನಿಮಗೇನೂ ಮಾಡಲ್ಲ, ಅವಳಿಗೆ ಮಾಡ್ತದೆ."

"ನನ್ನ ಬಾಯಲ್ಲಿ ಕ್ರಿಮಿ! ಕೇಳಿಸ್ಕೊಂಡ್ಯಾ ತೂದಾ? ಪ್ಯಾಟೆ ನೀರು ಕುಡಿದು ಇವಳಿಗೆ ನಾಲಗೆ ಉದ್ದ ಆಗೈತೆ."

ತೂದಾ ತಲೆ ತಗ್ಗಿಸಿ ಅಂಗಳ ಸುತ್ತಲು ಹೊರಟಳು. ಅತ್ತೆಗೆ ಎದುರಾಡುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಬೇಕು.

ಶುಕ್ರವಾರ ಬಂತು. ಹದ್ದಾಳ ತಮ್ಮ ಮೋಹಾ ವ್ಯಾನಿನಲ್ಲಿ ನೆಂಟರನ್ನು ತುಂಬಿಕೊಂಡು ಕೂಸನ್ನು ನೋಡಲು ಬರುವವನಿದ್ದ. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಬರದವನು ನೆಂಟನೇ ಅಲ್ಲ, ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವ ಮನೆ ಮನೆಯೇ ಅಲ್ಲ. ಹದ್ದಾ ಬೆಳಗಿನಿಂದ ನೆಂಟರಿಗೆಂದು ಗೋಧಿ ರವೆಯ ಕುಸ್ಕುಸ್ ಬೇಯಿಸುತ್ತಿದ್ದಳು. "ನೀನು ಮಲ್ಕೋ, ಕಣ್ಣು ಹುಣ್ಣಾಗವೆ, ಕೂಸನ್ನ ನಾನು ನೋಡ್ಕೋತೀನಿ," ಎಂದು ಸೊಸೆಯನ್ನು ಬಲವಂತವಾಗಿ ಕೋಣೆಗೆ ಕಳಿಸಿದಳು. ತೂದಾ ಎಷ್ಟೋ ದಿನಗಳ ನಂತರ ನಿಜವಾಗಿ ನಿದ್ದೆ ಹೋದಳು.

ಮಧ್ಯಾಹ್ನ ಕಳೆದು ನಾನು ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದೆ. ನಿದ್ದೆಯಿಂದ ಎದ್ದ ತೂದಾ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅವಳ ಮುಖದಲ್ಲಿ ರಕ್ತವಿಲ್ಲ.

"ಅಕ್ಕಾ, ಕಾಲು ನೋಡು."

ಕಾಲುಚೀಲ ಜಾರಿತ್ತು. ಪುಟ್ಟ ಅಂಗಾಲು ಕಿತ್ತಳೆ ಬಣ್ಣವಾಗಿತ್ತು. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ, ಆದರೂ ಕೇಳಿದೆ. "ಅವ್ವಾ, ಕೂಸಿಗೆ ಜ್ವರ ಬಂದಿತ್ತಾ?"

ಹದ್ದಾ ಪಾತ್ರೆಯಿಂದ ಕಣ್ಣೆತ್ತಲಿಲ್ಲ. "ಒಂಚೂರು ಬೆಚ್ಚಗಿದ್ಲು. ಹಲ್ಲು ಬರ್ತಾವೆ. ಮದರಂಗಿ ಹಚ್ದೆ, ಜ್ವರದ ಔಷಧಿ ಕುಡಿಸ್ದೆ. ಈಗ ಮುಟ್ಟಿ ನೋಡು, ತಣ್ಣಗವ್ಳೆ."

ಥರ್ಮಾಮೀಟರ್ ಇಟ್ಟೆವು. ಮೂವತ್ತೇಳು ಸೆಲ್ಸಿಯಸ್. ಏನೂ ಇಲ್ಲ ಎನ್ನುವಂತೆ ಇತ್ತು. ತೂದಾ ಬಾಗಿಲಿಗೂ ಒಲೆಗೂ ನಡುವೆ ಹೋಗಿ ಬಂದು ಮಾಡತೊಡಗಿದಳು.

"ಇಳಿದೈತಲ್ಲ ಅಕ್ಕಾ?"

"ಇಳಿದಿಲ್ಲ ಕಣೇ, ಔಷಧಿ ಅದನ್ನ ಮುಚ್ಚೈತೆ. ಹೊಗೆ ಮುಚ್ಚಿದ್ರೆ ಬೆಂಕಿ ಆರ್ತದಾ? ಜ್ವರ ಬಂದ್ರೆ ಏನೂ ಕುಡಿಸ್ದೆ ಓಡಿ ಬನ್ನಿ ಅಂತ ವಾರ್ಡಿನ ಡಾಕ್ಟರಮ್ಮ ಎಷ್ಟು ಸಲ ಹೇಳಿಲ್ಲ?"

"ಓಡಿ ಹೋಗಿ ಏನ್ ಮಾಡ್ತೀರಿ?" ಹದ್ದಾ ಸೌಟನ್ನು ಕುಕ್ಕಿ ಇಟ್ಟಳು. "ಮತ್ತೆ ಸೂಜಿ ಚುಚ್ತಾರೆ. ಕೈಯಲ್ಲಿ ನರ ಸಿಗಲ್ಲ, ಕಾಲಲ್ಲಿ ಹುಡುಕ್ತಾರೆ, ತಲೇಲಿ ಹುಡುಕ್ತಾರೆ. ಆ ಕಿರುಚಾಟ ನನ್ ಕೈಲಿ ಕೇಳಕ್ಕಾಗಲ್ಲ ಕಣವ್ವಾ! ಇವತ್ತೊಂದಿನ ನೆಮ್ಮದಿಯಾಗಿ ಇರ್ಲಿ ಬಿಡಿ. ಬಾಗ್ಲಿಗೆ ಜನ ಬರ್ತಾವ್ರೆ."

ಆಗ ನನಗೆ ಅರ್ಥವಾಯಿತು. ಮುದುಕಿಯದು ಹಟವಲ್ಲ. ಅವಳಿಗೂ ಹೆದರಿಕೆ. ಆದರೆ ಹೆದರಿಕೆಗೆ ಮದ್ದು ಮಾಡಲು ಹೋಗಿ ಕೂಸನ್ನು ಕಳೆದುಕೊಳ್ಳಲಾದೀತೇ?

ತೂದಾ ನಡೆಯುವುದನ್ನು ನಿಲ್ಲಿಸಿದಳು. ಅವಳು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅತ್ತೆ, ಕುಸ್ಕುಸ್ ನೀವೇ ಬಡಿಸಿ. ನಾನು ಹೊರಟೆ."

ಬೆನ್ನಿಗೆ ಕಟ್ಟಿಕೊಳ್ಳಲೂ ಪುರುಸೊತ್ತಿಲ್ಲದೆ ಎದೆಗವಚಿಕೊಂಡು ರಸ್ತೆಗೆ ಇಳಿದಳು. ನಾನು ಅವಳ ಹಿಂದೆ. ಒಲೆ ಆರಿಸಿ, ಬೈಯುತ್ತ, ಏದುಸಿರು ಬಿಡುತ್ತ ಹದ್ದಾ ನನ್ನ ಹಿಂದೆ.

ತುರ್ತು ವಿಭಾಗದಲ್ಲಿ ಒಬ್ಬ ಎಳೆಯ ಡಾಕ್ಟರಮ್ಮ ಇದ್ದಳು. ಕೂಸನ್ನು ಮುಟ್ಟಿ ನೋಡಿ ಕೇಳಿದಳು, "ಜ್ವರ ಎಷ್ಟಿತ್ತು? ಯಾವಾಗ ಬಂತು? ಏನು ಕೊಟ್ಟಿದ್ದೀರಿ?"

ತೂದಾ ನನ್ನ ಮುಖ ನೋಡಿದಳು. ಔಷಧಿ ಕುಡಿಸಿದ್ದಷ್ಟೇ ಗೊತ್ತು, ಜ್ವರ ಎಷ್ಟಿತ್ತು, ಔಷಧಿ ಎಷ್ಟು, ಯಾವಾಗ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಗೋಡೆಗೆ ಒರಗಿ ಮುಸುಕಿನ ತುದಿ ತಿರುಚುತ್ತಿದ್ದಳು. ಕೂಸು ತೂಕಡಿಸುತ್ತಿತ್ತು. ಮುದುಕಿ ಬಾಯಿ ಬಿಡದಿದ್ದರೆ? ಡಾಕ್ಟರಮ್ಮ ಮೂವತ್ತೇಳನ್ನು ನೋಡಿ ಹಲ್ಲು ಬರುತ್ತಿರಬೇಕು ಅಂದುಬಿಟ್ಟರೆ? ನನಗೆ ಮುದುಕಿಯ ಭುಜ ಹಿಡಿದು ಅಲುಗಿಸುವಷ್ಟು ಸಿಟ್ಟು ಬಂತು.

"ನಾನೇ ಕೊಟ್ಟೆ," ಎಂದಳು ಹದ್ದಾ. ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಮಧ್ಯಾಹ್ನದ ನಮಾಜಿನ ಬಾಂಗ್ ಕೂಗೋ ಮುಂಚೆ. ಎರಡು ಚಮಚ. ಒಂಚೂರು ಬೆಚ್ಚಗೆ ಅಂದಿದ್ದು ಸುಳ್ಳು. ಮೈ ಕೆಂಡದಂಗಿತ್ತು. ನಡುಗ್ತಿತ್ತು. ಈಗ ಬೈರಿ."

"ಬೈಯೋಕೆ ಪುರುಸೊತ್ತಿಲ್ಲ ತಾಯಿ. ಹೇಳಿದ್ರಲ್ಲ, ಅದೇ ದೊಡ್ಡ ಉಪಕಾರ," ಎಂದ ಡಾಕ್ಟರಮ್ಮ ಆಗಲೇ ನರ್ಸನ್ನು ಕೂಗುತ್ತಿದ್ದಳು. ಪರೀಕ್ಷೆಗೆ ರಕ್ತ ತೆಗೆದರು. ವರದಿ ಬರುವುದನ್ನು ಕಾಯದೆ ಸೋಂಕಿನ ಔಷಧಿಯನ್ನು ನರಕ್ಕೆ ಏರಿಸಿದರು. ಕೂಸು ಕಿರುಚಿತು. ಹದ್ದಾ ಕಿವಿ ಮುಚ್ಚಿಕೊಳ್ಳಲಿಲ್ಲ, ಅದರ ಇನ್ನೊಂದು ಕೈಯನ್ನು ಹಿಡಿದುಕೊಂಡು ನಿಂತಳು.

ಸಂಜೆಯ ಹೊತ್ತಿಗೆ ಮನೆಯ ಔಷಧಿಯ ಪ್ರಭಾವ ಇಳಿಯಿತು, ಜ್ವರ ಏರಿತು. ನಲವತ್ತರ ಹತ್ತಿರ. ತುಟಿ ಬಿಳಿಚಿಕೊಂಡಿತು, ಕೈಕಾಲು ತಣ್ಣಗಾಯಿತು. ಇನ್ನೊಂದು ಸೋಂಕು ತಗಲದಂತೆ ಕೂಸನ್ನು ಬೇರೆ ಕೋಣೆಗೆ ಹಾಕಿದರು. ಬಿಳಿ ಕಣಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ರಕ್ತದಲ್ಲಿ ಸೋಂಕು ಎಂದು ವರದಿ ಹೇಳಿತು. "ಇನ್ನು ನಾಲ್ಕು ಗಂಟೆ ತಡವಾಗಿದ್ರೆ ನಾನು ಏನೂ ಹೇಳೋಕಾಗ್ತಿರಲಿಲ್ಲ," ಎಂದಳು ಡಾಕ್ಟರಮ್ಮ. ಆ ಮಾತು ಕೇಳಿ ಅತ್ತೆಯೂ ಸೊಸೆಯೂ ಆಸ್ಪತ್ರೆಯ ಪಡಸಾಲೆಯಲ್ಲಿ ಎದ್ದು ಓಡಾಡತೊಡಗಿದರು, ಒಬ್ಬಳು ಆ ಕಡೆ, ಒಬ್ಬಳು ಈ ಕಡೆ. ನಾನು ಕೂತೇ ಇದ್ದೆ, ಆದರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ.

ಹಿಂದಿನ ದಿನ ನಮ್ಮನ್ನು ಕಾಣದ ಮೋಹಾ ಮರುದಿನ ಹೆಂಡತಿ ಮಕ್ಕಳ ಸಮೇತ ವಾರ್ಡಿನ ಬಾಗಿಲಿಗೆ ಬಂದ. ಕಂಕುಳಲ್ಲಿ ಉಡುಗೊರೆಗೆಂದು ತಂದ, ನೀಲಿ ಕಾಗದ ಸುತ್ತಿದ ದೊಡ್ಡ ಸಕ್ಕರೆ ಅಚ್ಚುಗಳು. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಹದ್ದಾ ಕೂತಿದ್ದಳು.

"ಒಂದೇ ಒಂದು ಮುತ್ತು ಕೊಟ್ಟು ಬಂದ್ಬಿಡ್ತೀನಿ ಅಕ್ಕಾ."

"ಮುತ್ತು ನಿನ್ನ ಹೆಂಡ್ತಿಗೆ ಕೊಟ್ಕೋ. ಸಕ್ಕರೆ ಇಲ್ಲಿಡು."

"ಇಷ್ಟು ದೂರ ಬಂದು ಕೂಸಿನ ಮುಖ ನೋಡದೆ ಹೋದ್ರೆ ಊರವ್ರು ಏನಂತಾರೆ?"

"ಬಾಗ್ಲಲ್ಲಿ ಹದ್ದಾ ಕೂತಿದ್ಲು ಅನ್ನು. ಊರವ್ರಿಗೆ ಅಷ್ಟು ಸಾಕು. ಹಿಂದೆ ಯಾರೋ ಅದು ಕೆಮ್ಮಿದ್ದು? ಇಳಿ ಮೆಟ್ಲು, ಇಳಿ! ನಮ್ ಕೂಸಿನ ಮೈಯಲ್ಲಿ ಕಾವಲಿಲ್ಲ, ಅದಕ್ಕೆ ನಾನು ಕೂತಿರೋದು."

ಒಂದು ವಾರದ ಮೇಲೆ ಜ್ವರ ಬಿಟ್ಟಿತು. ಇಝ್ಝಾ ಹಾಲು ಕುಡಿದಳು, ತೂದಾಳ ಕೂದಲು ಹಿಡಿದು ಎಳೆದಳು. ಕ್ಯಾನ್ಸರ್ ಹೋಗಿಬಿಟ್ಟಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಗಂಟು ಸಣ್ಣದಾಗಿದೆ, ಆಪರೇಷನ್ ಇದೆ, ಇನ್ನೂ ಡ್ರಿಪ್ ಇದೆ. ತೂದಾ ಇನ್ನೂ ಓಡಾಡುತ್ತಾಳೆ.

ಕೇಳುತ್ತಿರುವ ತಾಯಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕ್ಯಾನ್ಸರ್ ಔಷಧಿ ನಡೆಯುತ್ತಿರುವ ಮಗು ಇದ್ದರೆ ದೂರದಿಂದ ಹರಸಿ. ಮುತ್ತು ಬೇಡ, ಎಂಜಲು ಬೇಡ, ಕೈ ತೊಳೆಯದೆ ಮುಟ್ಟುವುದು ಬೇಡ. ಕೆಮ್ಮು ನೆಗಡಿ ಇದ್ದವರು ಅತ್ತ ಸುಳಿಯಲೇಬೇಡಿ. ಥರ್ಮಾಮೀಟರ್ ಮೂವತ್ತೆಂಟು ಮುಟ್ಟಿದರೆ, ಫ್ಯಾರನ್‌ಹೀಟ್‌ನದಾದರೆ ನೂರು ದಾಟಿದರೆ, ನೆಂಟರಿರಲಿ, ಹಬ್ಬವಿರಲಿ, ನಡುರಾತ್ರಿಯಿರಲಿ, ಹೊರಡಿ. ಡಾಕ್ಟರನ್ನು ಕೇಳದೆ ಜ್ವರದ ಔಷಧಿ ಕುಡಿಸಬೇಡಿ. ಕುಡಿಸಿಬಿಟ್ಟಿದ್ದರೆ ನಾಚಿಕೆ ಪಡದೆ ಬಾಯಿಬಿಟ್ಟು ಹೇಳಿ. ನಿಮಗೆ ಹೆದರಿಕೆಯಾಗುತ್ತದೆ, ಕಾಲು ನಿಲ್ಲುವುದಿಲ್ಲ, ಗೊತ್ತು. ಆ ಕಾಲುಗಳು ಹೇಗೂ ನಡೆಯುತ್ತವೆ. ಅವನ್ನು ಆಸ್ಪತ್ರೆಯ ಕಡೆಗೆ ನಡೆಸಿ.