ಇಳಿಯುವ ತನಕ ಮಾತಿಲ್ಲ

ನನ್ನ ಮೊಮ್ಮಗಳು ಭುವನಾ ಪೈಲಟ್ ಲೈಸೆನ್ಸಿನ ಹಾರಾಟ ಪರೀಕ್ಷೆಯಲ್ಲಿ ನಪಾಸಾಗಿ ರಾಣೇಬೆನ್ನೂರಿಗೆ ಬಂದಳು. ಎರಡು ದಿನ ಕಾರಣ ಹೇಳಲಿಲ್ಲ. ಮೂರನೆಯ ದಿನ ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂತು ತಾನಾಗಿಯೇ ಹೇಳಿದಳು. ವಿಮಾನವನ್ನು ಇಳಿಸಲು ತಂದಾಗ ಪಕ್ಕದಲ್ಲಿದ್ದ ಪರೀಕ್ಷಕರು, ಅವಳ ಅಪ್ಪನಿಗಿಂತ ಹಿರಿಯರು, ನಿಮ್ಮ ಕಡೆಯ ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದರೂ ಖಾರ ಯಾಕೆ ಕಡಿಮೆ ಎಂದು ಕೇಳಿದರಂತೆ. ಇವಳು ಅವರ ಕಡೆ ಮುಖ ತಿರುಗಿಸಿ ವಿವರವಾಗಿ ಹೇಳತೊಡಗಿದಳಂತೆ. ಅಷ್ಟರಲ್ಲಿ ವೇಗ ಕುಸಿದು, ಅವರೇ ಕೈಹಾಕಿ ವಿಮಾನ ಸರಿಪಡಿಸಬೇಕಾಯಿತು. ಕೆಳಗಿಳಿದ ಮೇಲೆ, ತಾನು ಕೇಳಿದ್ದೇ ಪರೀಕ್ಷೆಯಾಗಿತ್ತು ಎಂದರಂತೆ.

ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಹಿರಿಯರು ಮಾತಾಡಿಸಿದರೆ ಮುಖ ನೋಡಿ ಉತ್ತರ ಕೊಡಬೇಕು ಎಂದು ಈ ಹುಡುಗಿಗೆ ಕಿವಿ ಹಿಂಡಿ ಕಲಿಸಿದವಳು ನಾನೇ.

ಮರುಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಅವಳು ಕಲಿಯುತ್ತಿದ್ದದ್ದು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಅದರ ಅವಧಿ ಅದೇ ತಿಂಗಳು ಮುಗಿಯುತ್ತಿತ್ತು. ಇನ್ನೊಮ್ಮೆ ತಪ್ಪಿದರೆ ಹಾರುವ ಮಾತು ಅಲ್ಲಿಗೇ ಮುಗಿದಂತೆ.

ನೆಲದ ಮೇಲೆ ಕುರ್ಚಿಯಲ್ಲಿ ಕೂತೇ ವಿಮಾನ ನಡೆಸುವ ಅಭ್ಯಾಸ ಮಾಡುತ್ತಾರಂತೆ. ಅಂಗಳದಲ್ಲಿ ಎರಡು ಕುರ್ಚಿ ಹಾಕಿದೆವು. ಹಿಡಿಯಲು ಲಟ್ಟಣಿಗೆ, ಎದುರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ, ವೇಗ ಎತ್ತರ ತೋರಿಸುವ ಆರು ಮೀಟರು. ಒಂದಾದ ಮೇಲೊಂದು ಮಾಡಬೇಕಾದ ಕೆಲಸಗಳನ್ನು ಭುವನಾ ಕನ್ನಡದಲ್ಲಿ ಬರೆದುಕೊಟ್ಟಳು. ನಾನು ಬೆರಳಿಟ್ಟು ಓದುತ್ತ, ಅವಳು ಬಿಟ್ಟದ್ದನ್ನು ಹಿಡಿಯುತ್ತಿದ್ದೆ.

ಪರೀಕ್ಷಕರ ಕುರ್ಚಿಗೆ ಪಕ್ಕದ ಮನೆಯ ಬಿಸ್ಮಿಲ್ಲಾಬಿಯನ್ನು ಕರೆದೆ. ಓಣಿಯಲ್ಲಿ ಅವಳಷ್ಟು ಮಾತಾಡುವವರು ಯಾರೂ ಇಲ್ಲ. ಮೇಲಾಗಿ ಹಜ್ ಯಾತ್ರೆಗೆಂದು ವಿಮಾನ ಹತ್ತಿ ಬಂದವಳು ಅವಳೊಬ್ಬಳೇ. ಕೂತವಳೇ ಸೆರಗನ್ನು ಸೊಂಟಕ್ಕೆ ಸುತ್ತಿ ಕುರ್ಚಿಗೆ ಗಂಟು ಹಾಕಿಕೊಂಡಳು. ಬೆಲ್ಟ್ ಇಲ್ಲದ ವಿಮಾನದಲ್ಲಿ ತಾನು ಕೂರುವುದಿಲ್ಲವಂತೆ.

“ಊಟ ಯಾವಾಗ ಕೊಡ್ತಾರವಾ?” ಎಂದಳು, ವಿಮಾನ ಇನ್ನೇನು ಇಳಿಯಬೇಕು ಎನ್ನುವಾಗ.

“ಇದು ಸಣ್ಣ ವಿಮಾನ ಖಾಲಾ, ಇದರಾಗ ಊಟ ಇರೂದಿಲ್ರಿ,” ಎಂದು ಭುವನಾ ಅವಳ ಕಡೆ ತಿರುಗಿದಳು.

“ಬಿದ್ವಿ,” ಎಂದೆ ನಾನು.

ಆ ದಿನ ಹದಿನಾಲ್ಕು ಸಲ ಬಿದ್ದೆವು. ಬಿಸ್ಮಿಲ್ಲಾಬಿಗೆ ಇದು ಎಷ್ಟು ಹಿಡಿಸಿತೆಂದರೆ, ಮರುದಿನ ನಾಷ್ಟಾ ಬಿಟ್ಟು ಬಂದಳು.

ಭುವನಾಳ ಅಪ್ಪ, ನನ್ನ ಮಗ ಹನುಮೇಶ, ಕುಪ್ಪೇಲೂರಿಗೆ ಹೋಗುವ ಬಸ್ಸಿನ ಡ್ರೈವರ್. ಚಾಲಕರೊಡನೆ ಮಾತನಾಡಬಾರದು ಎಂಬ ಬೋರ್ಡಿನ ಕೆಳಗೇ ನಿಂತು ಮಂದಿ ಬೀಗರ ಜಗಳದಿಂದ ಹಿಡಿದು ಮಂಡಿನೋವಿನ ತನಕ ಎಲ್ಲ ಹೇಳುತ್ತಾರೆ, ನಾನು ಎಲ್ಲಕ್ಕೂ ಹೂಂ ಎಂದು ರಸ್ತೆ ನೋಡುತ್ತೇನೆ, ನೀನೂ ಹಾಗೇ ಮಾಡು ಎಂದು ಮಗಳಿಗೆ ಹೇಳಿಕೊಟ್ಟ. ಭುವನಾ ಹಾಗೇ ಮಾಡಿದಳು. ಮೂರು ಸಲ ಸುಸೂತ್ರವಾಗಿ ಇಳಿದೆವು. ನಾಲ್ಕನೆಯ ಸಲ ಬಿಸ್ಮಿಲ್ಲಾಬಿ ಅವಳ ಕಡೆ ಬಾಗಿದಳು.

“ಬ್ಯಾಡಗ್ಯಾಗ ನಿಮ್ಮ ಪೈಕಿ ಹುಡುಗ ಒಬ್ಬಾಂವ ಅದಾನ. ಮೆಣಸಿನಕಾಯಿ ದಲಾಲಿ ಅಂಗಡಿ ಐತಿ. ನಿನ್ನ ವಿಷಯ ಮಾತಾಡ್ಲೇನು?”

“ಹೂಂ.”

ಬಿಸ್ಮಿಲ್ಲಾಬಿ ಸೊಂಟದ ಗಂಟು ಬಿಚ್ಚಿ ಫೋನು ತರಲು ಎದ್ದೇಬಿಟ್ಟಳು. ವಿಮಾನ ಇನ್ನೂ ಮೇಲೇ ಇತ್ತು. ಅವಳನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ನಕ್ಕು ನಕ್ಕು ನನ್ನ ಪಕ್ಕೆ ನೋಯತೊಡಗಿತು.

ಹೂಂ ಎನ್ನುವುದೂ ಮಾತೇ ಎಂದು ತಿಳಿಯಿತು. ಸ್ವಲ್ಪ ತಡೆಯಿರಿ ಎಂದು ಬಾಯಿಬಿಟ್ಟೇ ಹೇಳಬೇಕು. ರೇಡಿಯೋದಲ್ಲಿ ವಿಮಾನ ನಿಲ್ದಾಣದ ಸಾಹೇಬರಿಗೂ ಅದನ್ನು ಹೇಳುತ್ತೇನೆ, ಆದರೆ ಪಕ್ಕದಲ್ಲಿ ಕೂತ ಹಿರಿಯರಿಗೆ ಹೇಳಲು ನಾಲಿಗೆ ಏಳುವುದಿಲ್ಲ ಎಂದಳು ಭುವನಾ. ಅಷ್ಟರಲ್ಲಿ ಬಿಸ್ಮಿಲ್ಲಾಬಿ ಹಾವೇರಿಯ ಮಗಳ ಮನೆಗೆ ಹೋಗಬೇಕಾಯಿತು. ಪರೀಕ್ಷಕರ ಕುರ್ಚಿಗೆ ನಾನೇ ಬಂದೆ. ನನ್ನ ಮುಂದೆ ಅವಳಿಗೆ ಇನ್ನೂ ಕಷ್ಟ. ನಾನು ಕೆಮ್ಮಿದರೂ ನೀರು ಬೇಕೇನೆಂದು ತಿರುಗುವಳು. ಬೀಳುವುದು, ಮತ್ತೆ ಏರುವುದು. ನನಗೇನು ಅವಸರ? ಇನ್ನೊಮ್ಮೆ ಎನ್ನುತ್ತಿದ್ದೆ.

ಅವಳು ಹೊರಡುವ ಹಿಂದಿನ ದಿನ ಒಲೆಯ ಮೇಲೆ ಹಾಲಿಟ್ಟು, ಖರೇನೇ ಮರೆತು, ಅಂಗಳಕ್ಕೆ ಬಂದು ಕೂತಿದ್ದೆ. ವಿಮಾನ ಇಳಿಯುತ್ತಿತ್ತು. ಒಳಗಿನಿಂದ ಚುರ್ರೆಂದಿತು.

“ಭುವೀ, ಹಾಲು ಉಕ್ಕಾಕತ್ತೈತಿ, ಓಡು,” ಎಂದೆ.

ಅವಳ ಕಣ್ಣು ಗೋಡೆ ಬಿಟ್ಟು ಕದಲಲಿಲ್ಲ. “ತಡಿ ಆಯಿ. ಇಳಿಸೂತನಾ ಮಾತಾಡಬ್ಯಾಡ.”

ನಾನೇ ಏಳಹೋದೆ. “ಕುಂದ್ರು,” ಎಂದಳು.

ನನ್ನ ವಯಸ್ಸಿನಲ್ಲಿ, ಹಾಲು ಉಕ್ಕುವಾಗ ಕುಂದ್ರು ಎಂದವರು ಯಾರೂ ಇಲ್ಲ. ಕೂತೆ. ಹಾಲು ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಹರಿಯುವುದು ಬಾಗಿಲಿನಿಂದ ಕಾಣುತ್ತಿತ್ತು. ಅವಳು ನಿಧಾನವಾಗಿ ಇಳಿದು, ವಿಮಾನವನ್ನು ಓಡುದಾರಿಯಿಂದ ಪಕ್ಕಕ್ಕೆ ತಂದು, ಒಂದೊಂದೇ ಸ್ವಿಚ್ ಆರಿಸಿ, ಲಟ್ಟಣಿಗೆ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಈಗ ಹೇಳು, ಏನಂದಿ?” ಎಂದಳು. ಹೇಳುವುದಕ್ಕೇನು ಉಳಿದಿತ್ತು? ಸೊಸೆ ಪುಷ್ಪಾವತಿ ಬಂದು ನೋಡಿದಾಗ ನಾವಿಬ್ಬರೂ ಹಾಲಿನ ನಡುವೆ ನಿಂತು ನಗುತ್ತಿದ್ದೆವು. ಅರ್ಧ ತಾಸು ಬೈಸಿಕೊಂಡೆವು.

ಪರೀಕ್ಷೆಯ ದಿನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹನುಮೇಶನ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಅವನ ಫೋನು ನನ್ನ ಮಡಿಲಲ್ಲಿ. ಅರ್ಧ ದಾರಿಯಲ್ಲಿ ಅದು ರಿಂಗಾಯಿತು.

“ಆಯಿ, ಪಾಸಾದೆ. ಇಳಿಸೂ ಹೊತ್ತಿಗೆ ಅವರು ನಿಮ್ಮ ತಂದಿ ಏನ್ ಮಾಡ್ತಾರ ಅಂತ ಕೇಳಿದ್ರು. ತಡೀರಿ ಸರ್, ಇಳಿಸಿ ಹೇಳ್ತೇನಿ ಅಂದೆ. ಇಳಿದ ಮ್ಯಾಲೆ ಅವರು ಕೇಳಿದ್ದನ್ನ ಮರತಿದ್ರು. ನಾನೇ ನೆನಪು ಮಾಡಿ ಹೇಳಿದೆ, ಬಸ್ ನಡಸ್ತಾರ ಅಂತ.”

“ಭುವಿ ಏನವ್ವಾ? ಏನಂದ್ಲು?” ಎಂದ ಹನುಮೇಶ.

ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಈ ಮಗನನ್ನು ನಾನು ಬಲ್ಲೆ; ಸಂತೋಷವಾದರೆ ಮೊದಲು ಕಣ್ಣು ತುಂಬುತ್ತವೆ. “ನೀ ಗಾಡಿ ನಡಸು. ನಿಲ್ಲಿಸಿದ ಮ್ಯಾಲೆ ಹೇಳ್ತೇನಿ,” ಎಂದೆ.

ಅವನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಂಡಕ್ಟರ್ ಮನೋಹರ ನನ್ನ ಮುಖ ನೋಡಿ ಬಗ್ಗಿದ. ಅವನ ಕಿವಿಯಲ್ಲಿ ಹೇಳಿದೆ. ಅವನು ಟಿಕೆಟ್ ಕೊಡುತ್ತ ಕೊಡುತ್ತ ಒಬ್ಬೊಬ್ಬರಿಗೇ ಹೇಳುತ್ತ ಹೋದ. ಸೀಟಿನಿಂದ ಸೀಟಿಗೆ ನಗು ಹಿಂದೆ ಹಿಂದೆ ಸರಿಯಿತು. ಕೊನೆಯ ಸೀಟಿನವರಿಗೂ ಗೊತ್ತಾಯಿತು. ಗೊತ್ತಿಲ್ಲದವನು ಬಸ್ಸು ನಡೆಸುತ್ತಿದ್ದವನೊಬ್ಬನೇ.

ಕುಪ್ಪೇಲೂರು ಬಂತು. ಹನುಮೇಶ ಬ್ರೇಕ್ ಎಳೆದು, ಎಂಜಿನ್ ಬಂದ್ ಮಾಡಿ ಹಿಂದೆ ತಿರುಗಿದ. ಇಳಿಯಬೇಕಾದವರು ಒಬ್ಬರೂ ಎದ್ದಿರಲಿಲ್ಲ.

“ಈಗ ಹೇಳವ್ವಾ,” ಎಂದ.

ನನಗೆ ಹೇಳುವ ಪಾಳಿಯೇ ಬರಲಿಲ್ಲ. ಇಡೀ ಬಸ್ಸು ಒಟ್ಟಿಗೇ ಹೇಳಿತು.