ಬೆಳಕಿನ ಗೋಡೆಯೂ ನೆಲ ಒರೆಸುವ ಕೋಲೂ

ಗಾಜಿನ ಎಳೆಗಳನ್ನು ಹುದುಗಿಸಿ ಎರಕ ಹೊಯ್ದ ಕಾಂಕ್ರೀಟು ಬೆಳಕನ್ನು ಆಚೆಗೆ ದಾಟಿಸುತ್ತದಂತೆ, ಹಗಲಲ್ಲಿ ಲೈಟೇ ಬೇಡವಂತೆ. ಅಂಥ ಇಟ್ಟಿಗೆ ಮಾಡುವ ಕಾರ್ಖಾನೆಯ ಎಂಜಿನಿಯರ್ ಗಂಡ ಮೊದಲ ಗೋಡೆಯನ್ನು ಬೇರೆ ಯಾರ ಮನೆಯಲ್ಲಾದರೂ ಕಟ್ಟಬಾರದಿತ್ತೇ? ತಂದು ಕಟ್ಟಿದ್ದು ತನ್ನದೇ ಅಡುಗೆಮನೆಗೂ ನಡುಮನೆಗೂ ಮಧ್ಯೆ. ಕಿಟಕಿಯೇ ಇಲ್ಲದ ನಡುಮನೆ ಬೆಳಗಿತು, ನಿಜ. ಹೆಂಡತಿಯ ನೆಮ್ಮದಿ ಮಾತ್ರ ಎಕ್ಕುಟ್ಟಿಹೋಯಿತು.

ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಅಡ್ಡ ನಿಂತರೆ ಸಾಕು, ಅವಳ ನೆರಳು ಆ ಗೋಡೆಯ ನಡುಮನೆ ಬದಿಯಲ್ಲಿ ಮೂಡುತ್ತಿತ್ತು. ಸೊಂಟದವರೆಗೆ ಮಾಮೂಲಿ ಇಟ್ಟಿಗೆ, ಅದರ ಮೇಲೆ ಹೊಸದು. ಅಂದರೆ ನಿಂತರೆ ಕಾಣುತ್ತಾಳೆ, ಕೂತರೆ ಮಾಯ. ನಡುಮನೆಯ ಕುರ್ಚಿಯಲ್ಲಿ ಕೂತ ಅತ್ತೆಗೆ ಟೀವಿ ಬೇಡವಾಯಿತು.

ಊಟದ ಪಾತ್ರೆ ತೊಳೆದಿಟ್ಟು, ಗಿಡ್ಡ ಸ್ಟೂಲಿನ ಮೇಲೆ ಕೂತು ಒಂದು ಲೋಟ ಟೀ ಕುಡಿಯುವುದು, ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ. ಈಗ ಕೂತಳೋ ಇಲ್ಲವೋ, ಕೂಗು.

"ಎಲ್ಲಿ ಹೋದ್ಯೇ? ಕಾಣ್ತಾನೇ ಇಲ್ಲ!"

"ಇಲ್ಲೇ ಇದೀನಿ ಅತ್ತೆ."

"ಏನ್ ಮಾಡ್ತಿದ್ದೀಯ?"

ಕೂತಿದ್ದೀನಿ ಅನ್ನುವ ಧೈರ್ಯ ಯಾವ ಸೊಸೆಗಿದೆ? ಎದ್ದು ನಿಲ್ಲುತ್ತಿದ್ದಳು.

ಗಂಡನದು ಇನ್ನೊಂದು ಕಾಟ. ಮನೆ ಕಟ್ಟಿಸುವವರನ್ನೆಲ್ಲ ಕರೆತಂದು, "ಸ್ವಲ್ಪ ಆ ಕಡೆ ಈ ಕಡೆ ಓಡಾಡೇ, ಸಾರ್ ನೋಡ್ಲಿ" ಅನ್ನುತ್ತಿದ್ದ.

"ನಾನೇನು ಸರ್ಕಸ್ ಕರಡೀನಾ? ಒಂದು ಪರದೆ ಹಾಕ್ಸಿ ಅಂದ್ರೆ ಕಿವೀಗೇ ಹಾಕ್ಕೊಳ್ಳಲ್ಲ!"

"ಪರದೆ ಹಾಕಿದ್ರೆ ಬೆಳಕು ಬರಲ್ವಲ್ಲೇ!"

ಅವಳಿಗೆ ರೋಸಿಹೋಯಿತು. ಅಳು ಬರುವಷ್ಟು ಸಿಟ್ಟು ಬಂತು. ಮರುದಿನ ನೆಲ ಒರೆಸುವ ಕೋಲನ್ನು ಖಾಲಿ ಸಿಲಿಂಡರಿಗೆ ಕಟ್ಟಿ ಕಿಟಕಿಯೆದುರು ನಿಲ್ಲಿಸಿದಳು. ಅದಕ್ಕೆ ತನ್ನ ಹಳೇ ಸ್ವೆಟರ್ ತೊಡಿಸಿ, ತಲೆಯ ಜಾಗದಲ್ಲಿ ಪಾತ್ರೆಯೊಂದನ್ನು ಬೋರಲು ಹಾಕಿ, ಸ್ಟೂಲಿನ ಮೇಲೆ ಕೂತಳು. ಆಚೆಯಿಂದ ಉಸಿರೇ ಇಲ್ಲ. ಅಬ್ಬಾ! ಟೀಗೆ ರುಚಿ ಇದೆಯೆಂದು ಅವತ್ತು ಮತ್ತೆ ಗೊತ್ತಾಯಿತು.

ಕೆಲವು ದಿನ ಹಾಗೇ ನಡೆಯಿತು. ಒಂದು ಮಧ್ಯಾಹ್ನ ಬಾಗಿಲು ದಢಾರನೆ ತೆರೆಯಿತು. ಅತ್ತೆ! ಕೋಲನ್ನು ನೋಡಿದರು, ಸೊಸೆಯನ್ನು ನೋಡಿದರು.

"ಆಗಿಂದ ಅಲ್ಲಾಡದೆ ನಿಂತಿದಾಳಲ್ಲ, ಏನಾಯ್ತೋ ಅಂತ ಓಡಿ ಬಂದ್ರೆ..." ಎಂದವರು ಸ್ವೆಟರಿನ ತೋಳು ಹಿಡಿದು ನೋಡಿದರು. "ಈ ಬುದ್ಧಿ ನಂಗ್ಯಾಕೆ ಬರ್ಲಿಲ್ವೇ? ನಮ್ಮತ್ತೆಗೆ ಇಂಥ ಗೋಡೆ ಬೇಕಾಗಿರ್ಲಿಲ್ಲ. ಪಾತ್ರೆ ಸದ್ದು ನಿಂತ್ರೆ ಸಾಕು, ನಾನು ಕೂತೆ ಅಂತ ಗೊತ್ತಾಗ್ತಿತ್ತು. ಜರುಗು."

ಅವಳು ಸ್ಟೂಲು ಬಿಟ್ಟುಕೊಟ್ಟು ನೆಲದ ಮೇಲೆ ಕೂತಳು. ಟೀಯನ್ನು ಇನ್ನೊಂದು ಲೋಟಕ್ಕೆ ಅರ್ಧ ಬಗ್ಗಿಸಿದಳು.

ಅಷ್ಟರಲ್ಲಿ ನಡುಮನೆಯಿಂದ ಗಂಡನ ದನಿ ಕೇಳಿಸಿತು. "ನೋಡಿ ಸಾರ್, ನಮ್ಮನೆಯವಳು ಕೆಲಸ ಮಾಡ್ತಿರೋದು ಎಷ್ಟು ಚೆನ್ನಾಗಿ ಕಾಣುತ್ತೆ! ಸ್ವಲ್ಪ ಓಡಾಡೇ!"

ಇವಳು ಏಳಹೋದಳು. ಅತ್ತೆ ಅವಳ ಭುಜ ಅದುಮಿ ಕೂರಿಸಿದರು. ಒಂದು ಕೈಯಲ್ಲಿ ಲೋಟ ಹಿಡಿದೇ ಇನ್ನೊಂದನ್ನು ಚಾಚಿ, ಕೋಲನ್ನು ಎರಡು ಸಲ ಅಲ್ಲಾಡಿಸಿದರು.