ಹಲ್ಲುಕತ್ತರಿಯ ಕಾಗದ

"ಈ 'ಒಂಟೆಕತ್ತು' ಯಾರು?" ಎಂದು ತನಿಖೆಗೆ ಬಂದ ಅಧಿಕಾರಿ ಕೇಳಿದ.

"ಶಾಲೆ ಟೀಚರ್, ಸಾರ್. ಕತ್ತು ಸ್ವಲ್ಪ ಉದ್ದ," ಅಂದಳು ಟೈಲರಮ್ಮ.

"'ಪೊಲೀಸ್ ಹೊಟ್ಟೆ'?"

"ಅವರು ಪೊಲೀಸೇ ಸಾರ್. ವರ್ಷಾ ವರ್ಷಾ ಎರಡಿಂಚು ಬಿಡಿಸ್ಕೊಂಡು ಹೋಗ್ತಾರೆ."

ಅಧಿಕಾರಿ ನಗಲಿಲ್ಲ. ಅಳತೆ ಪುಸ್ತಕದ ಹಾಳೆಗಳನ್ನು ಮೂಸುವವನಂತೆ ಹತ್ತಿರ ಹಿಡಿದು ತಿರುವಿದ. "ಒಬ್ಬರಿಗೂ ಹೆಸರಿಲ್ಲ. ಇದೇನು ಗುಪ್ತ ಲೆಕ್ಕವೋ?"

"ಬಂದ ಹೊಸದರಲ್ಲಿ ಇಲ್ಲಿನ ಹೆಸರುಗಳು ನಾಲಿಗೆಗೆ ಹತ್ತುತ್ತಿರಲಿಲ್ಲ ಸಾರ್. ಅದೇ ರೂಢಿ ಆಗೋಯ್ತು."

ಬಂದು ಹತ್ತೊಂಬತ್ತು ವರ್ಷ. ಗಡಿಯಾಚೆಯಿಂದ ಸೊಸೆಯಾಗಿ ಬಂದವಳು, ಒಮ್ಮೆಯೂ ಆಚೆ ಹೋಗಿರಲಿಲ್ಲ. ಪೌರತ್ವ ಇಲ್ಲದೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತರಿ ಇರಲಿಲ್ಲ. ಅಮ್ಮ ಅಂದರೆ ಫೋನಿನಲ್ಲಿ ಒಂದು ದನಿ ಅಷ್ಟೆ. ಈಗ ಆ ಅಮ್ಮನಿಗೆ ಫೋನಿನಲ್ಲಿ ಕಿವಿಯೂ ಕೇಳುತ್ತಿರಲಿಲ್ಲ. ಅರ್ಜಿ ಹಾಕಿ, ಪರೀಕ್ಷೆ ಬರೆದು, ಪಾಸಾಗಿ, ಕೊನೆಗೆ ಉಳಿದದ್ದು ಇವತ್ತಿನ ಈ ಮನೆ ತನಿಖೆ. ಬಾಡಿಗೆ ಚೀಟಿಗಳೆಲ್ಲ ಮೂರು ವರ್ಷದ ಹಿಂದೆ ತೀರಿಕೊಂಡ ಗಂಡನ ಹೆಸರಿನಲ್ಲಿದ್ದವು. ತಾನಿಲ್ಲಿ ಇದ್ದೆ ಅನ್ನುವುದಕ್ಕೆ ಅವಳ ಬಳಿ ಇದ್ದದ್ದು ತಾರೀಖಿನ ಸಮೇತ ಬರೆದಿಟ್ಟ ಬೀದಿಯವರ ಎದೆ, ಸೊಂಟ, ತೋಳುಗಳೇ.

ಮನೆಯ ಮುಂಗೋಣೆಯೇ ಹೊಲಿಗೆ ಅಂಗಡಿ. ಅತ್ತೆ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಮಂಜಾದ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಸೊಸೆಯೇ ಎರಡು ಸೂಜಿ ಪೋಣಿಸಿ, ಪುಟ್ಟ ಸೂಜಿಮೆತ್ತೆಗೆ ಚುಚ್ಚಿ ಕೊಡುತ್ತಿದ್ದಳು. ದಿನಕ್ಕೆ ಎರಡು ಸಾಕು.

"ಏಳು ವರ್ಷದ ಹಿಂದೆ," ಅಧಿಕಾರಿಯ ಬೆರಳು ಒಂದು ಹಾಳೆಯ ಮೇಲೆ ನಿಂತಿತು. "ಇಲ್ಲಿ ಐದು ತಿಂಗಳು ಒಂದು ಅಳತೆಯೂ ಇಲ್ಲವಲ್ಲ."

"ಅತ್ತೆ ಸೊಂಟದ ಮೂಳೆ ಮುರ್ಕೊಂಡಿದ್ರು ಸಾರ್. ಅಂಗಡಿ ಮುಚ್ಚಿ ಅವರನ್ನ ನೋಡ್ಕೊಂಡೆ."

"ನಮಗೆ ಬಂದ ಸಹಿಯಿಲ್ಲದ ಪತ್ರ ಬೇರೆ ಹೇಳುತ್ತೆ. ಆ ಐದು ತಿಂಗಳು ನೀವು ಕಳ್ಳದಾರಿಯಲ್ಲಿ ಗಡಿ ದಾಟಿ ತವರಿಗೆ ಹೋಗಿದ್ರಂತೆ." ಅವನು ಫೈಲಿನಿಂದ ಮಡಿಸಿದ ಕಾಗದವೊಂದನ್ನು ಅರ್ಧ ಹೊರಗೆಳೆದ. "ನಿಜವಾದರೆ ಲೆಕ್ಕ ಇವತ್ತಿನಿಂದ ಮತ್ತೆ ಶುರು. ಇನ್ನೂ ಹನ್ನೆರಡು ವರ್ಷ."

ಹನ್ನೆರಡು ವರ್ಷ! ಅಷ್ಟು ದಿನ ಅಮ್ಮ ಇರುತ್ತಾಳೆಯೇ? ಟೈಲರಮ್ಮನ ಕಣ್ಣು ಎದುರಿನ ಇಸ್ತ್ರಿ ಅಂಗಡಿಗೆ ಹಾರಿತು. ಅವನೇ, ಇನ್ಯಾರು? ಹೋದ ತಿಂಗಳು ಹೊಸ ಅಂಗಿಯ ತೋಳು ಸುಟ್ಟಿದ್ದಕ್ಕೆ ಬೀದಿಗೆ ಕೇಳುವಂತೆ ಬೈದಿದ್ದಳು. ಅಧಿಕಾರಿ ಒಳಗೆ ಬಂದಾಗಿನಿಂದ ಅವನು ಒಂದೇ ಅಂಗಿಯನ್ನು ಉಜ್ಜುತ್ತಾ, ಕಿವಿಯನ್ನೆಲ್ಲ ಇತ್ತ ಕಡೆ ಇಟ್ಟುಕೊಂಡು ನಿಂತಿದ್ದ. ಇವನ ಕೈ ಸೇದಿಹೋಗ!

ಅಷ್ಟರಲ್ಲಿ ಅವಳಿಗೆ ಕಾಗದದ ಅಂಚು ಕಂಡಿತು. ಕಂದು ಬಣ್ಣದ ದಪ್ಪ ಕಾಗದ, ಅಂಚಿನುದ್ದಕ್ಕೂ ಸಣ್ಣ ಸಣ್ಣ ಹಲ್ಲು.

ಬಟ್ಟೆಯ ಕತ್ತರಿ ಕಾಗದ ಮುಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ. ಆದ್ದರಿಂದ ಈ ಅಂಗಡಿಯಲ್ಲಿ ಬಟ್ಟೆಯ ಅಚ್ಚು ತೆಗೆಯುವ ಇಂಥ ಕಂದು ಕಾಗದ ಕತ್ತರಿಸಲು ಮೊಂಡಾದ ಹಳೆಯ ಹಲ್ಲುಕತ್ತರಿಯನ್ನೇ ಇಟ್ಟಿದ್ದರು. ಆ ಕತ್ತರಿ ಇರುತ್ತಿದ್ದದ್ದು ಅತ್ತೆಯ ಗುಂಡಿ ಡಬ್ಬಿಯ ಪಕ್ಕದಲ್ಲಿ.

ಟೈಲರಮ್ಮ ತಿರುಗಿ ನೋಡಿದಳು. ಅತ್ತೆಯ ಸೂಜಿ ನಿಂತಿತ್ತು. ಹಾಗಾದರೆ ಬರೆದದ್ದು ಇವಳೇ! ಆದರೆ ಸೊಸೆ ಬಾಯಿ ಬಿಡಲಿಲ್ಲ. ಬಿಟ್ಟರೆ ಏನು ಗತಿ? ಆ ಐದು ತಿಂಗಳಿಗೆ ಉಳಿದಿದ್ದ ಒಬ್ಬಳೇ ಸಾಕ್ಷಿ ಈ ಮುದುಕಿ.

"ಅಜ್ಜಿ," ಅಧಿಕಾರಿ ಕೇಳಿದ, "ಆಗ ಸೊಸೆ ಇಲ್ಲಿ ಇದ್ರಾ?"

ಅತ್ತೆ ಗುಂಡಿಯನ್ನೇ ನೋಡುತ್ತಾ ಕೂತಳು. ಎದುರು ಅಂಗಡಿಯ ಇಸ್ತ್ರಿ ಪೆಟ್ಟಿಗೆಯ ಸದ್ದೂ ನಿಂತಿತು.

"ಇದ್ಳು," ಅಂದಳು ಕೊನೆಗೆ. "ನನ್ನನ್ನ ಎತ್ತಿ ಕೂರಿಸ್ತಿದ್ದವಳು ಇವಳೇ."

"ಹಾಗಾದರೆ ಬರೆದು ಸಹಿ ಹಾಕಿಕೊಡಿ."

"ಬಿಳಿ ಹಾಳೆ ತರ್ತೀನಿ ಅತ್ತೆ, ತಡೀರಿ," ಎಂದು ಟೈಲರಮ್ಮ ಗಾಬರಿಯಿಂದ ಎದ್ದಳು. ಅಷ್ಟರಲ್ಲಿ ಅತ್ತೆಯ ಕೈ, ಮೂವತ್ತು ವರ್ಷದ ಅಭ್ಯಾಸದ ಕೈ, ಕಂದು ಕಾಗದದ ಸುರುಳಿಯನ್ನು ಎಳೆದಿತ್ತು. ಹಲ್ಲುಕತ್ತರಿ ಕರಕರ ಎಂದಿತು. ಅರ್ಧದಲ್ಲಿ ಮುದುಕಿಗೂ ಹೊಳೆಯಿತು. ಕೈ ನಿಂತಿತು. ಆಮೇಲೆ ಉಳಿದರ್ಧವನ್ನೂ ಕತ್ತರಿಸಿದಳು. ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ ಬರೆದು, ಸಹಿ ಹಾಕಿ ಕೊಟ್ಟಳು.

ಅಧಿಕಾರಿ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟ. ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ಹೊಸದನ್ನು ಫೈಲಿಗೆ ಸೇರಿಸಿ, ಹಳೆಯದನ್ನು ಮೇಜಿನ ಮೇಲೆ ಬಿಟ್ಟ.

"ಇದು ನಿಮ್ಮ ಅಂಗಡಿ ಕಾಗದ. ಇಲ್ಲೇ ಇರ್ಲಿ," ಅಂದ. "ನಾನು ಶಿಫಾರಸು ಮಾಡ್ತೀನಿ."

ಅವನು ಹೋದ ಮೇಲೆ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತಳು. ಪೆಡಲಿನ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ.

"ಯಾಕತ್ತೆ?"

"ಮಗನೇ ಇಲ್ಲ. ಪೌರತ್ವದ ಕಾಗದ ಕೈಗೆ ಬಂದ ಮೇಲೆ ನಿನಗಿಲ್ಲಿ ಏನಿದೆ ಹೇಳು?"

"ಅದಕ್ಕೆ ನಿಮಗೆ ಆ ಐದು ತಿಂಗಳೇ ಬೇಕಿತ್ತಾ?"

"ಪುಸ್ತಕ ಖಾಲಿ ಇದ್ದದ್ದು ಅಲ್ಲೊಂದೇ ಕಡೆ."

"ನಿಮ್ಮ ಹೇಲು ಉಚ್ಚೆ ಬಾಚಿದೀನಿ ಕಣತ್ತೆ ಆಗ! ಬರೆಯೋವಾಗ ನೆನಪಾಗಲಿಲ್ವಾ?"

"ಬರೆಯೋದು ಸುಲಭ ಕಣೇ," ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ಮುಖ ನೋಡಿ ಹೇಳೋಕೆ ಆಗಲಿಲ್ಲ."

ಆಮೇಲೆ ಅತ್ತೆಯೇ ಕೇಳಿದಳು, "ತವರಿಗೆ ಎಷ್ಟು ದಿನಕ್ಕೆ ಹೋಗ್ತೀಯಾ?"

"ಹದಿನೈದು ದಿನ."

"ಹದಿನೈದು ಅಂತ ಹೇಳಿ ಹೋದವರನ್ನ ನಾನು ಬೇಕಾದಷ್ಟು ಜನ ನೋಡಿದೀನಿ."

ಟೈಲರಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸೂಜಿ ಡಬ್ಬಿ ಎಳೆದುಕೊಂಡು, ಒಂದೊಂದಕ್ಕೂ ದಾರ ಪೋಣಿಸಿ, ಜೊತೆಜೊತೆಯಾಗಿ ಮೆತ್ತೆಗೆ ಚುಚ್ಚುತ್ತಾ ಹೋದಳು. ಮೂವತ್ತಾದ ಮೇಲೆ ದಾರದುಂಡೆಯನ್ನು ಎತ್ತಿಟ್ಟು, ಮೆತ್ತೆಯನ್ನು ಅತ್ತೆಯ ಮಡಿಲಿಗೆ ಹಾಕಿದಳು.

ಅತ್ತೆ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು. ಹದಿನೈದು ಜೊತೆ. ನಂಬಿಕೆ ಬರದೆ, ಮೊದಲಿನಿಂದ ಮತ್ತೆ ಎಣಿಸತೊಡಗಿದಳು.